ನಾಲ್ಕು ಸೆಮಿಸ್ಟರಿನ ರಂಗತಂಡ

ಎಂ.ಎ. ಓದಲು ಬಳ್ಳಾರಿಗೆ ಬಂದವರು ಕ್ಯಾಂಪಸ್ಸಿನಲ್ಲಿ ಇರುವುದು ನಾಲ್ಕು ಸೆಮಿಸ್ಟರ್. ಮೊದಲನೆಯದರಲ್ಲಿ ಅರ್ಧ, ಪ್ರವೇಶ, ಹಾಸ್ಟೆಲ್ ಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ ಎಂದು ಓಡಾಡುವುದರಲ್ಲೇ ಹೋಗುತ್ತದೆ. ಕೊನೆಯದನ್ನು ಪ್ರಾಜೆಕ್ಟು, ಅಧ್ಯಾಪಕರಾಗಲು ಬರೆಯುವ ಕೆಸೆಟ್ಟು ಪರೀಕ್ಷೆ, ನೌಕರಿಯ ಚಿಂತೆ ನುಂಗುತ್ತವೆ. ನಡುವಿನದರಲ್ಲಿ ಇಂಟರ್ನಲ್ಸು, ಪರೀಕ್ಷೆ, ಹಬ್ಬಕ್ಕೆ ಊರು ಇವನ್ನೆಲ್ಲ ಕಳೆದರೆ ನಾಟಕಕ್ಕೆ ಸಿಗುವುದು ಏಳೆಂಟು ತಿಂಗಳು. ವಿದ್ಯಾರ್ಥಿಗಳೇ ನಡೆಸುವ ರಂಗತಂಡ ಹುಟ್ಟುವುದು, ಬೆಳೆಯುವುದು, ಸಾಯುವುದು ಎಲ್ಲ ಈ ಏಳೆಂಟು ತಿಂಗಳ ಲೆಕ್ಕದಲ್ಲೇ. ನಟರು ಸಿಗದೆ ಸತ್ತ ತಂಡಗಳು ಕಡಿಮೆ. ಹೊಸದಾಗಿ ಬಂದವರಿಗೆ ತಂಡದ ವೇಷ ಇಟ್ಟ ಟ್ರಂಕಿನ ಕೀಲಿ ಯಾರ ಹತ್ತಿರ ಇದೆ ಎಂಬುದು ಗೊತ್ತಿಲ್ಲದೆ ಸತ್ತವೇ ಹೆಚ್ಚು.

ಬಳ್ಳಾರಿಗೆ ಹವ್ಯಾಸಿ ನಾಟಕ ಹೊಸದೇನಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಎರಡೂ ಇದೇ ಊರಿನಲ್ಲಿ ತೆಲುಗು ನಾಟಕ ಆಡುತ್ತಿದ್ದವು. ಇಬ್ಬರೂ ವಕೀಲರು. ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವ (1880–1946) ಕೂಡ ವಕೀಲರೇ; ಅವರ ಹೆಸರಿನ ಕಲಾಮಂದಿರ ಊರಲ್ಲಿದೆ. ಹಗಲು ಕೋರ್ಟು, ಸಂಜೆ ರಂಗ. ಹೊಟ್ಟೆಪಾಡಿಗೆ ಟಿಕೆಟ್ಟಿನ ದುಡ್ಡನ್ನು ನಂಬಿರಲಿಲ್ಲವಾದ್ದರಿಂದ ಬೇಕಾದ ನಾಟಕ ಆರಿಸಿಕೊಳ್ಳುವ ಸ್ವಾತಂತ್ರ್ಯ ಇತ್ತು. ವಿದ್ಯಾರ್ಥಿಗಳಿಗೂ ಆ ಸ್ವಾತಂತ್ರ್ಯ ಇದೆ. ಇಲ್ಲದಿರುವುದು ವಕೀಲರಿಗಿದ್ದ ಇನ್ನೊಂದು ಅನುಕೂಲ: ಅವರು ಅದೇ ಊರಿನಲ್ಲಿ, ಅದೇ ಮನೆಯಲ್ಲಿ, ದಶಕಗಟ್ಟಲೆ ಇದ್ದರು. ಪರದೆ ಎಲ್ಲಿ ಮಡಚಿಟ್ಟಿದ್ದೇವೆ ಎಂದು ಯಾರೂ ಯಾರಿಗೂ ಬರೆದಿಡಬೇಕಾಗಿರಲಿಲ್ಲ.

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಈ ಭಾಗದಲ್ಲಿ ಕ್ಯಾಂಪಸ್ ತಂಡಗಳು ಸಾಮಾನ್ಯವಾಗಿ ಹುಟ್ಟುವುದು ಮೂರು ಕಡೆ. ಒಂದು, ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರ. ಹಗಲು ಚರಂಡಿ ತೆಗೆದ ಹುಡುಗರು ರಾತ್ರಿ ಊರ ಕಟ್ಟೆಯ ಮುಂದೆ ಇಪ್ಪತ್ತು ನಿಮಿಷದ ಬೀದಿನಾಟಕ ಆಡುತ್ತಾರೆ. ಎರಡು, ಬೀಳ್ಕೊಡುಗೆ ಸಮಾರಂಭದ ನಗೆನಾಟಕ. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ, ಮೇಷ್ಟರ ಅನುಕರಣೆಗೆ ಚಪ್ಪಾಳೆ ಬಿದ್ದರೆ ಮುಗಿಯಿತು. ಮೂರನೆಯದು ಯುವಜನೋತ್ಸವ. ಬಹುತೇಕ ತಂಡಗಳ ನಿಜವಾದ ತವರು ಇದೇ.

ಭಾರತೀಯ ವಿಶ್ವವಿದ್ಯಾಲಯಗಳ ಸಂಘ (ಎಐಯು) ನಡೆಸುವ ಯುವಜನೋತ್ಸವದ ಏಕಾಂಕ ಸ್ಪರ್ಧೆಗೆ ನಟರು 9, ಹಿನ್ನೆಲೆಗೆ 3, ಅವಧಿ 30 ನಿಮಿಷ. ಪ್ರಹಸನಕ್ಕೆ 6 ಜನ, 10 ನಿಮಿಷ. ಮೂಕಾಭಿನಯಕ್ಕೆ 6 ಜನ, 5 ನಿಮಿಷ. ಕನ್ನಡದಲ್ಲೇ ಆಡಬಹುದು, ಕಥೆಯ ಸಾರಾಂಶವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೊಡಬೇಕು. ಖಾಲಿ ರಂಗದಿಂದ ಖಾಲಿ ರಂಗದವರೆಗೆ ಗಡಿಯಾರ ಓಡುತ್ತದೆ. ಎಡವುವುದು ಇಲ್ಲೇ. ತಾಲೀಮಿನಲ್ಲಿ 29 ನಿಮಿಷಕ್ಕೆ ಮುಗಿದ ನಾಟಕ ಸ್ಪರ್ಧೆಯಲ್ಲಿ 32 ಆಗುತ್ತದೆ. ನಟರು ನಿಧಾನ ಮಾಡುವುದಿಲ್ಲ. ಜನ ನಗುತ್ತಾರೆ, ನಗು ನಿಲ್ಲುವವರೆಗೆ ಮಾತು ತಡೆಯಬೇಕು, ಗೊತ್ತಿಲ್ಲದ ರಂಗದ ಅಗಲ ನಾಲ್ಕು ಹೆಜ್ಜೆ ಹೆಚ್ಚಿರುತ್ತದೆ. ತಾಲೀಮಿನಲ್ಲಿ 26ಕ್ಕೆ ಮುಗಿಸುವಂತೆ ಪಠ್ಯ ಕತ್ತರಿಸಿಕೊಂಡವರು ಪಾರು. ಪಠ್ಯ ಕತ್ತರಿಸದೆ ಮಾತಿನ ವೇಗ ಹೆಚ್ಚಿಸಿದರೆ ಮೊದಲು ಹೋಗುವುದು ಒತ್ತಕ್ಷರ, ಆಮೇಲೆ ಅರ್ಥ.

ಸ್ಪರ್ಧೆಗೆ ಕೂಡಿದ ಒಂಬತ್ತು ಜನ ಸ್ಪರ್ಧೆ ಮುಗಿದ ಮೇಲೂ ಸಂಜೆ ಐದಕ್ಕೆ ಅದೇ ಮರದ ಕೆಳಗೆ ಬಂದು ಕೂತರೆ, ಆ ದಿನ ತಂಡ ಹುಟ್ಟಿತು ಎನ್ನಬಹುದು. ಮುಂದಿನ ಜಿಗಿತ ಅರ್ಧ ಗಂಟೆಯಿಂದ ಎಪ್ಪತ್ತೈದು ನಿಮಿಷಕ್ಕೆ. ಅಲ್ಲೇ ಬಹಳಷ್ಟು ತಂಡಗಳು ಕುಸಿಯುತ್ತವೆ. ಸ್ಪರ್ಧೆಯ ನಾಟಕ ಮೊದಲ ನಿಮಿಷದಿಂದಲೇ ಏರುದನಿ. ಅದೇ ಏರುದನಿಯಲ್ಲಿ ಎಪ್ಪತ್ತೈದು ನಿಮಿಷ ಎಳೆದರೆ ನಟನ ಗಂಟಲೂ ಉಳಿಯುವುದಿಲ್ಲ, ನೋಡುವವನ ಕಿವಿಯೂ ಉಳಿಯುವುದಿಲ್ಲ.

ಈ ಸೀಮೆಯ ತಂಡಕ್ಕೆ ಬೇರೆ ಕಡೆ ಸುಲಭಕ್ಕೆ ಸಿಗದ ಒಂದು ಆಸ್ತಿ ಇದೆ. ಸಿರುಗುಪ್ಪ, ಸಂಡೂರು, ಕುಷ್ಟಗಿ, ಗಂಗಾವತಿ ಕಡೆಯ ಹಳ್ಳಿಗಳಿಂದ ಬಂದ ಹುಡುಗರಲ್ಲಿ ಹಲವರು ಅದಾಗಲೇ ರಂಗ ಹತ್ತಿದವರು. ಜಾತ್ರೆಗೆ ಊರವರೇ ಆಡುವ ಸಾಮಾಜಿಕ ನಾಟಕ, ಬಾಡಿಗೆಗೆ ತಂದ ಡ್ರಾಮಾ ಸೀನ್ಸು, ಪೇಟಿ ಮಾಸ್ತರು, ಹೊರಗಿನಿಂದ ಕರೆಸಿದ ಕಲಾವಿದೆಯರು ಇವೆಲ್ಲ ಅವರಿಗೆ ಮನೆಮಾತು. ಕೆಲವರ ಮನೆಯಲ್ಲಿ ದೊಡ್ಡಾಟದ ಕಿರೀಟ, ಭುಜಕೀರ್ತಿ ಜಂತಿಗೆ ತೂಗುಹಾಕಿರುತ್ತವೆ. ಸುಭದ್ರಮ್ಮ ಮನ್ಸೂರ್ ಅವರ ಕಂಪನಿ ನಾಟಕದ ಹಾಡು, ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಕಂಡ ಜಿಲ್ಲೆ ಇದು. ಜೋಳದರಾಶಿ ದೊಡ್ಡನಗೌಡರ (1910–1994) ಗಮಕ, ನಾಟಕ ಎರಡೂ ಈ ಮಣ್ಣಿನವೇ.

ಆ ಹುಡುಗ ಕ್ಯಾಂಪಸ್ ತಂಡಕ್ಕೆ ಬಂದಾಗ ಏನಾಗುತ್ತದೆ? ಮೊದಲ ದಿನವೇ 'ನಿನ್ನದು ಕಂಪನಿ ಶೈಲಿ, ಅದನ್ನು ಬಿಡು' ಎನ್ನುತ್ತಾರೆ. ಅವನ ಮಾತಿನಲ್ಲಿ ದೋಷ ಇಲ್ಲವೆಂದಲ್ಲ. ವಾಕ್ಯದ ಕೊನೆಯನ್ನು ಶಿಳ್ಳೆಗಾಗಿ ಎತ್ತುತ್ತಾನೆ, ಎದುರಿನ ಪಾತ್ರವನ್ನು ಬಿಟ್ಟು ಜನರನ್ನು ನೋಡಿ ಮಾತಾಡುತ್ತಾನೆ, ಮನೆಯಲ್ಲಿ 'ಹೊಂಟೀನಿ' ಎನ್ನುವವನು ರಂಗದ ಮೇಲೆ 'ಹೊರಡುತ್ತಿದ್ದೇನೆ' ಎನ್ನುತ್ತಾನೆ. ಆದರೆ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಉಸಿರು ಇರುವುದೂ ಅವನಲ್ಲೇ. ಬಯಲಿನಲ್ಲಿ ರಾತ್ರಿಯಿಡೀ ಹಾಡಿ ಗಳಿಸಿದ ಆ ಉಸಿರನ್ನು ನಲವತ್ತೈದು ದಿನದ ತಾಲೀಮು ಯಾರಿಗೂ ಕೊಡಲಾರದು. ಶೈಲಿಯನ್ನು ಪೂರ್ತಿ ಕಿತ್ತರೆ ಉಸಿರೂ ಜೊತೆಗೆ ಹೋಗುತ್ತದೆ. ಅದೇ ಮಾತನ್ನು ಎರಡು ಮಾರು ದೂರದಲ್ಲಿ ನಿಂತ ಗೆಳೆಯನ ಕಣ್ಣು ನೋಡಿ ಹೇಳಿಸಿ, ಆಮೇಲೆ ನಾಲ್ಕು ಮಾರು, ಆಮೇಲೆ ಹಾಲ್‌ನ ಬಾಗಿಲಿನಿಂದ. ದನಿ ಏರುತ್ತದೆ, ರಾಗ ತಾನಾಗಿ ಇಳಿಯುತ್ತದೆ. ವಾರದ ಕೆಲಸ ಇದು. ಮನೆಯಲ್ಲಿ ತೆಲುಗು ಅಥವಾ ಉರ್ದು ಮಾತಾಡುವವರಿಗೆ ಬೇರೆ ಪಾಠ ಬೇಕು: ಒತ್ತಕ್ಷರ ಬಿಡಿಸಿ ಓದುವುದು, ಅ–ಹ, ಸ–ಶ ಜೋಡಿಗಳ ಅಭ್ಯಾಸ. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನವೂ ಬೇಕು. ಎಲ್ಲರ ಕನ್ನಡವನ್ನೂ ಒಂದೇ ಅಚ್ಚಿಗೆ ಎರಕ ಹೊಯ್ಯುವ ಉಸಾಬರಿ ಬೇಡ. ಪಾತ್ರಕ್ಕೆ ಒಗ್ಗುವುದಾದರೆ ಆ ತೆಲುಗಿನ ಲಯವೇ ಬಳ್ಳಾರಿಯ ನಿಜವಾದ ದನಿ.

ತಾಲೀಮಿನ ಲೆಕ್ಕ. 75 ನಿಮಿಷದ ನಾಟಕಕ್ಕೆ 45 ದಿನ, ದಿನಕ್ಕೆ ಎರಡು ಗಂಟೆ. ಓದು 6 ದಿನ, ಚಲನೆ ಕೂರಿಸುವುದು 14 ದಿನ. ಇಪ್ಪತ್ತನೇ ದಿನ ಕೈಯಿಂದ ಪುಸ್ತಕ ಇಳಿಯಬೇಕು. ಆಮೇಲೆ ದೃಶ್ಯಗಳ ಮೇಲೆ 15 ದಿನ, ಇಡೀ ನಾಟಕ ಓಡಿಸುವುದು 6, ಬೆಳಕು–ಶಬ್ದಕ್ಕೆ 2, ವೇಷ ಹಾಕಿ 2. ಕಾಗದದ ಮೇಲೆ ಚೆನ್ನಾಗಿದೆ. ಹಾಜರಿ ಮಾತ್ರ ಬೇರೆ ಕಥೆ ಹೇಳುತ್ತದೆ. ಹತ್ತು ಜನರಲ್ಲಿ ಒಬ್ಬೊಬ್ಬರೂ ನೂರಕ್ಕೆ 85 ದಿನ ಬರುತ್ತಾರೆ ಎಂದುಕೊಳ್ಳಿ. ಒಳ್ಳೆಯ ಹಾಜರಿಯೇ. ಆದರೂ ಹತ್ತೂ ಜನ ಒಟ್ಟಿಗೆ ಸಿಗುವುದು ಐದು ದಿನಕ್ಕೆ ಒಂದು ದಿನ, 0.85 ಅನ್ನು ಹತ್ತು ಸಲ ಗುಣಿಸಿ ನೋಡಿದರೆ 0.2ರ ಹತ್ತಿರ ನಿಲ್ಲುತ್ತದೆ. 'ಎಲ್ಲರೂ ಬರಲಿ, ಶುರು ಮಾಡೋಣ' ಎಂದು ಕೂತ ತಂಡ ನಾಲ್ಕು ದಿನ ಹರಟೆ ಹೊಡೆದು ಮನೆಗೆ ಹೋಗುತ್ತದೆ, ನಿಯಮಿತವಾಗಿ ಬಂದವರೂ ಬೇಸತ್ತು ಬಿಡುತ್ತಾರೆ. ಅದಕ್ಕೇ ನಾಟಕವನ್ನು ಪಾತ್ರಗಳ ಪ್ರವೇಶ–ನಿರ್ಗಮನದ ಪ್ರಕಾರ ತುಂಡು ಮಾಡಿ, ಇಬ್ಬರು ಮೂವರ ತುಂಡುಗಳನ್ನು ವಾರದ ದಿನಗಳಿಗೆ ಹಂಚಿ, ಗುಂಪಿನ ದೃಶ್ಯಗಳನ್ನು ಭಾನುವಾರ ಬೆಳಿಗ್ಗೆಗೆ ಇಡುವುದು. ಮೂವರೇ ಬೇಕಾದ ದಿನ ಮೂವರೂ ಸಿಗುವ ಸಾಧ್ಯತೆ ನೂರಕ್ಕೆ ಅರವತ್ತರ ಮೇಲಿದೆ.

ಹೊತ್ತು ಯಾವಾಗ ಎಂಬುದು ಇನ್ನೊಂದು ತೊಡಕು. ಬಳ್ಳಾರಿಯ ಬಿಸಿಲಿಗೆ ಸಂಜೆ ಆರರ ಮೇಲೆ ಬಯಲಿನಲ್ಲಿ ತಾಲೀಮು ಹಿತ. ಆದರೆ ಸ್ವಲ್ಪ ಹೊತ್ತಿಗೇ ಹುಡುಗಿಯರ ಹಾಸ್ಟೆಲ್ ಗೇಟು ಹಾಕುವ ಸಮಯ. ಅನುಕೂಲಕ್ಕೆಂದು ಏಳಕ್ಕೆ ತಾಲೀಮು ಇಟ್ಟ ತಂಡದಲ್ಲಿ ಮೂರನೇ ವಾರಕ್ಕೆ ಹುಡುಗಿಯರು ಇರುವುದಿಲ್ಲ. ಆಮೇಲೆ 'ನಮ್ಮಲ್ಲಿ ಹುಡುಗಿಯರು ಮುಂದೆ ಬರುವುದಿಲ್ಲ' ಎಂಬ ಮಾತು ಹುಟ್ಟುತ್ತದೆ. ಹೆಣ್ಣುಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ರಾಘವ ಹಟ ಹಿಡಿದ ಊರಿನಲ್ಲಿ, ಅಷ್ಟು ವರ್ಷ ಆದಮೇಲೂ ಗೇಟಿನ ಕೀಲಿ ಪಾತ್ರ ಹಂಚುತ್ತಿದೆ. ಪರಿಹಾರ ನೀರಸವಾದದ್ದು, ಆದರೆ ಕೆಲಸ ಮಾಡುತ್ತದೆ: ನಾಲ್ಕೂವರೆಯಿಂದ ಆರೂವರೆ. ಕೊನೆಯ ಹತ್ತು ದಿನಕ್ಕೆ ದಿನಾಂಕ, ಹೆಸರು, ಮರಳುವ ಹೊತ್ತು, ಬಿಟ್ಟುಬರುವ ವಾಹನ ಎಲ್ಲ ಬರೆದ ಪಟ್ಟಿಗೆ ಸಂಯೋಜಕರ ಸಹಿ ಹಾಕಿಸಿ ವಾರ್ಡನ್ ಮೇಡಂಗೆ ಮೊದಲೇ ಕೊಡುವುದು. ದಿನಾ ಸಂಜೆ ಫೋನಿನಲ್ಲಿ 'ಇವತ್ತೊಂದಿನ ಬಿಡ್ರಿ ಮೇಡಂ' ಎಂದು ಬೇಡುವುದರಿಂದ ಯಾವ ತಂಡವೂ ಉದ್ಧಾರ ಆಗಿಲ್ಲ.

ಋತುವಿನ ವಿಷಯಕ್ಕೆ ಬಂದರೆ, ಪ್ರದರ್ಶನ ಫೆಬ್ರುವರಿ ಒಳಗೆ ಮುಗಿಯಬೇಕು. ಮಾರ್ಚಿನಲ್ಲಿ ಸೆಮಿನಾರ್ ಹಾಲ್‌ನ ಫ್ಯಾನು ಹಾಕಿದರೆ ಮಾತು ಕೇಳುವುದಿಲ್ಲ, ಆರಿಸಿದರೆ ಜನ ಕೂರುವುದಿಲ್ಲ. ಮೀಸೆಗೆ ಹಚ್ಚಿದ ಸ್ಪಿರಿಟ್ ಗಮ್ ಬೆವರಿಗೆ ಬಿಡುತ್ತದೆ. ಯುದ್ಧದ ನಡುವೆ ಮೀಸೆ ಉದುರಿದ ಮೇಲೆ ಯಾವ ವೀರನೂ ವೀರನಲ್ಲ.

ರಂಗಸಜ್ಜಿಕೆಗೆ ಹೊಸ ತಂಡ ಮಾಡಿಸಬೇಕಾದದ್ದು ಡಬ್ಬಗಳು. ಅರಮನೆ, ಜೈಲು, ಬಾವಿಕಟ್ಟೆ, ಬಸ್ಸು ಎಲ್ಲವೂ ಆರು ಡಬ್ಬದಲ್ಲಿ ಆಗುತ್ತವೆ. ಇಲ್ಲೊಂದು ಬಡಗಿ ಲೆಕ್ಕ ಇದೆ. ಎಂಟು–ನಾಲ್ಕಡಿಯ 12 ಎಂಎಂ ಪ್ಲೈವುಡ್ ಹಾಳೆಯಲ್ಲಿ 18 ಇಂಚಿನ ಚೌಕ ಹತ್ತೇ ಬರುತ್ತವೆ. ಒಂದು ಮೈ ತೆರೆದಿಟ್ಟ ಡಬ್ಬಕ್ಕೆ ಐದು ಚೌಕ ಬೇಕು, ಅಂದರೆ ಹಾಳೆಗೆ ಎರಡೇ ಡಬ್ಬ. ಉಳಿದದ್ದು ಪಟ್ಟಿ ಪಟ್ಟಿಯಾಗಿ ವ್ಯರ್ಥ. ಅಳತೆಯನ್ನು 16ಕ್ಕೆ ಇಳಿಸಿದರೆ ಹದಿನೆಂಟು ಚೌಕ, ಹಾಳೆಗೆ ಮೂರು ಡಬ್ಬ, ಮೇಲೆ ಮೂರು ತುಂಡು ಉಳಿತಾಯ. ಆದರೆ ಗರಗಸ ತಿನ್ನುವ ಅಗಲವನ್ನು ಮರೆತು '16 ಇಂಚು' ಎಂದರೆ ಕೊನೆಯ ಸಾಲಿನ ತುಂಡುಗಳು ಗಿಡ್ಡ ಬಂದು ಡಬ್ಬ ಕುಂಟುತ್ತದೆ. ಬಡಗಿಗೆ 15 ಮುಕ್ಕಾಲು ಇಂಚು ಎಂದೇ ಹೇಳಬೇಕು. ಒಳಮೂಲೆಗಳಿಗೆ ಒಂದು ಇಂಚಿನ ಮರದ ರೀಪು ಕೊಟ್ಟು ಸ್ಕ್ರೂ ಹಾಕಿಸಿ. ಬರೀ ಮೊಳೆ ಹೊಡೆದರೆ ನಟ ಎರಡನೇ ಸಲ ಜಿಗಿದಾಗ ಮೂಲೆ ಬಾಯಿ ಬಿಡುತ್ತದೆ. ತೆರೆದ ಮೈಯೊಳಗೆ ವೇಷದ ಗಂಟು ತುರುಕಿದರೆ ಊರೂರಿಗೆ ಒಯ್ಯುವಾಗ ಬೇರೆ ಪೆಟ್ಟಿಗೆ ಬೇಡ.

ಬಟ್ಟೆಗೆ ಬಳ್ಳಾರಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಜೀನ್ಸ್ ಹೊಲಿಯುವ ಘಟಕಗಳಲ್ಲಿ ಉಳಿಯುವ ತುಂಡುಗಳನ್ನು ಜೋಡಿಸಿ ಹೊಲಿಸಿದರೆ ಸೈಡ್‌ವಿಂಗ್‌ಗೆ ಒಳ್ಳೆಯ ಪರದೆ: ಭಾರ ಇರುವುದರಿಂದ ಗಾಳಿಗೆ ಹಾರಾಡುವುದಿಲ್ಲ, ಹಿಂದಿನ ಬೆಳಕು ತೂರುವುದಿಲ್ಲ. ಒಳಮೈ ಹೊರಗೆ ಮಾಡಿ ಹೊಲಿಸಿದರೆ ದೂರದಿಂದ ಬಂಡೆಯ ಬಣ್ಣ. ಮೈಮೇಲೆ ಹಾಕಲು ಮಾತ್ರ ಬೇಡ, ನಟ ಬೆಂದುಹೋಗುತ್ತಾನೆ. ಮುಖವಾಡಕ್ಕೆ ಪಾಠ ಕಲಿಯಬೇಕಾದದ್ದು ಕೊಪ್ಪಳದ ಕಿನ್ನಾಳದಿಂದ. ಅಲ್ಲಿನ ಚಿತ್ರಗಾರರು ಬೊಂಬೆಗೆ ಬಳಸುವ ಹುಣಸೆ ಬೀಜದ ಅಂಟು ಕಾಗದದ ಮುಖವಾಡಕ್ಕೂ ಸೈ. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ, ಕುದಿಯುವ ನೀರಿಗೆ ಹಾಕಿ ತಿರುವುತ್ತ ಗಟ್ಟಿ ಮಾಡಿಕೊಳ್ಳುವುದು. ಆರೇಳು ಪದರ ಕಾಗದ, ಪ್ರತಿ ಪದರ ಒಣಗಿದ ಮೇಲೆ ಮುಂದಿನದು. ಬೇಗ ಒಣಗಲೆಂದು ಬಿಸಿಲಿಗಿಟ್ಟರೆ ಹೊರಮೈ ಮೊದಲು ಸೆಳೆದು ಮುಖ ಸೊಟ್ಟ ಆಗುತ್ತದೆ. ನೆರಳೇ ಸರಿ.

ಬೆಳಕಿನಲ್ಲಿ ತಪ್ಪಿದರೆ ಹಾಲ್ ಪೂರ್ತಿ ಕತ್ತಲೆ. ರಂಗಕ್ಕೆ ಬಳಸುವ 1000 ವಾಟಿನ ಒಂದು ಪಾರ್ ದೀಪ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 15 ಆಂಪಿಯರಿನ ಪ್ಲಗ್ಗಿಗೆ ಮೂರು ದೀಪ, ನಾಲ್ಕನೆಯದಕ್ಕೆ ಜಾಗ ಇಲ್ಲ. ಕಾಲೇಜು ಹಾಲ್‌ನಲ್ಲಿ ಎರಡು ಪ್ಲಗ್ ಕಂಡರೆ ಎರಡು ಲೈನು ಎಂದುಕೊಳ್ಳಬಾರದು, ಹಲವು ಸಲ ಎರಡೂ ಒಂದೇ ಎಂಸಿಬಿಗೆ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚಿಗೆ) ಸೇರಿರುತ್ತವೆ. ಕ್ಯಾಂಪಸ್ಸಿನ ಎಲೆಕ್ಟ್ರಿಷಿಯನ್ ಅಣ್ಣನನ್ನು ಪ್ರದರ್ಶನಕ್ಕೆ ನಾಲ್ಕು ದಿನ ಮೊದಲೇ ಕರೆದು, ಒಂದೊಂದೇ ಎಂಸಿಬಿ ಇಳಿಸಿ, ಯಾವುದು ಆರಿತು ಎಂದು ಬರೆದುಕೊಳ್ಳುವುದು ಒಂದು ಗಂಟೆಯ ಕೆಲಸ. ಬೆಳಕು ಏರಿಳಿಸುವ ಡಿಮ್ಮರ್ ಮತ್ತು ಸೌಂಡ್ ಸಿಸ್ಟಂ ಒಂದೇ ಫೇಸಿನಲ್ಲಿದ್ದರೆ ಮೌನದ ದೃಶ್ಯದಲ್ಲಿ ಸ್ಪೀಕರು ಗುಂಯ್ ಎನ್ನುತ್ತದೆ, ಬೇರೆ ಮಾಡಿ. ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಸಬೇಕು, ಸುರುಳಿಯಲ್ಲೇ ಬಿಟ್ಟರೆ ಕಾದು ಕರಗುತ್ತದೆ. ಈಗಿನ ಎಲ್‌ಇಡಿ ಪಾರ್ ಒಂದೊಂದು ಇನ್ನೂರು ವಾಟ್ ಒಳಗೇ ಇರುವುದರಿಂದ ಕರೆಂಟಿನ ಭಯ ಕಡಿಮೆ. ಆದರೆ ಅಗ್ಗದ ಎಲ್‌ಇಡಿ ನಮ್ಮ ಮೈಬಣ್ಣವನ್ನು ಬೂದು–ನೇರಳೆ ಮಾಡುತ್ತದೆ. ಮುಂದಿನಿಂದ ಎರಡು ಹ್ಯಾಲೊಜನ್ ಉಳಿಸಿಕೊಂಡು ಬಣ್ಣಕ್ಕಷ್ಟೇ ಎಲ್‌ಇಡಿ ಬಳಸುವುದು ಜಾಣತನ. ವಿದ್ಯುತ್ ಕಂಪನಿ ಜೆಸ್ಕಾಂ ಆ ಸಂಜೆ ಏನು ಮಾಡುತ್ತದೆಂದು ನಾಟಕದ ಮಾಸ್ತರರಿಗೂ ಹೇಳಲಾಗದು, ಜನರೇಟರಿನ ಡೀಸೆಲ್ ನೋಡಿಕೊಂಡಿರಿ.

ದುಡ್ಡಿನ ಮಾತು. ತಾಲೀಮಿಗೆ ಬರುವ 15 ಜನಕ್ಕೆ ದಿನಕ್ಕೊಂದೇ ಚಹಾ ಎಂದರೂ 45 ದಿನಕ್ಕೆ 675 ಚಹಾ. ಹತ್ತು ರೂಪಾಯಿಯಂತೆ 6,750. ಭಾನುವಾರದ ಒಗ್ಗರಣಿ–ಮಿರ್ಚಿ ಬೇರೆ. ಇದಕ್ಕೆ ಯಾವ ಅನುದಾನದಲ್ಲೂ ತಲೆಬರಹ ಇರುವುದಿಲ್ಲ. ಅನುದಾನ ಬರುವುದೂ ಸಾಮಾನ್ಯವಾಗಿ ಖರ್ಚಾದ ಮೇಲೆ, ಬಿಲ್ ಕೊಟ್ಟ ಮೇಲೆ. ಸಂತೆಯಲ್ಲಿ ಕೊಂಡ ಬಿದಿರಿಗೆ ಬಿಲ್ ಎಲ್ಲಿಂದ? ಅಂಥದ್ದಕ್ಕೆ ಕೊಟ್ಟವರ ಹೆಸರು, ಸಹಿ ಇರುವ ವೋಚರು ಆ ಕ್ಷಣವೇ ಬರೆಸಬೇಕು. 5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಕಡ್ಡಾಯ. ಹದಿನೈದು ದಿನ ಬಿಟ್ಟು ನೆನಪಿನಿಂದ ಬರೆದ ಲೆಕ್ಕದಲ್ಲಿ ಗೆಳೆತನ ಮುರಿದ ತಂಡಗಳು ಎಷ್ಟೋ.

ಲೇಖಕರ ಅನುಮತಿ ಎಲ್ಲರೂ ಮರೆಯುವ ಸಂಗತಿ. ವಿದ್ಯಾರ್ಥಿಗಳು, ಅಧ್ಯಾಪಕರು, ಅವರ ಪಾಲಕರು ಇಷ್ಟೇ ಪ್ರೇಕ್ಷಕರಿದ್ದಾಗ ಶಿಕ್ಷಣ ಸಂಸ್ಥೆಯೊಳಗಿನ ಪ್ರದರ್ಶನಕ್ಕೆ ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಅದೇ ನಾಟಕವನ್ನು ಊರಿನ ರಂಗಮಂದಿರಕ್ಕೆ ಒಯ್ದು ಎಲ್ಲರನ್ನೂ ಕರೆದರೆ ವಿನಾಯಿತಿ ಇಲ್ಲ. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಮನೆಯವರದ್ದು. ಒಂದು ಕಾಗದ ಬರೆದರೆ ಬಹಳ ಮಂದಿ ಸಂತೋಷದಿಂದಲೇ ಒಪ್ಪುತ್ತಾರೆ.

ನಿರ್ದೇಶಕರು ಹೊರಗಿನವರೋ ಒಳಗಿನವರೋ ಎಂಬ ಜಗಳ ಮೂರನೇ ನಾಟಕದ ಹೊತ್ತಿಗೆ ಬಂದೇ ಬರುತ್ತದೆ. ನೀನಾಸಂನಲ್ಲೋ ರಂಗಾಯಣದಲ್ಲೋ ಕಲಿತವರನ್ನು ಕರೆಸಿದರೆ ನಾಟಕಕ್ಕೆ ಅಂದ ಬರುತ್ತದೆ, ಅನುಮಾನವಿಲ್ಲ. ಎಡವಟ್ಟು ಆಗುವುದು ಅವರು ಬಸ್ ಹತ್ತಿದ ಮರುದಿನ: ಪ್ರವೇಶ ಎಡದಿಂದಲೋ ಬಲದಿಂದಲೋ, ಹದಿನೇಳನೇ ಬೆಳಕು ಯಾವ ಮಾತಿಗೆ, ಯಾರಿಗೂ ನೆನಪಿರುವುದಿಲ್ಲ. ಮರುಪ್ರದರ್ಶನಕ್ಕೆ ಕರೆ ಬಂದರೆ ಮತ್ತೆ ಅವರಿಗೇ ಫೋನು. ಆದ್ದರಿಂದ ಹೊರಗಿನವರು ಬಂದಾಗಲೆಲ್ಲ ಮೊದಲ ವರ್ಷದವರೊಬ್ಬರನ್ನು ನಟನೆಗೆ ಹಾಕದೆ ರಂಗಪ್ರತಿ ಬರೆಯಲು ಕೂರಿಸಬೇಕು. ಉದ್ದನೆಯ ನೋಟ್‌ಬುಕ್ಕು, ಬಲಪುಟಕ್ಕೆ ನಾಟಕದ ಪಠ್ಯ ಅಂಟಿಸಿ, ಎಡಪುಟ ಖಾಲಿ. ಎಡಪುಟದಲ್ಲಿ ಪೆನ್ಸಿಲಿನಿಂದ ಚಲನೆ, ಕೆಂಪಿನಲ್ಲಿ ಬೆಳಕು, ನೀಲಿಯಲ್ಲಿ ಶಬ್ದ. ಚಲನೆಗೆ ಪೆನ್ನು ಬೇಡ, ದಿನಾ ಬದಲಾಗುತ್ತದೆ. ನಟಿಸಲೆಂದೇ ಬಂದ ಹುಡುಗಿಗೋ ಹುಡುಗನಿಗೋ ಇದು ಶಿಕ್ಷೆ ಅನಿಸಬಹುದು. ಮುಂದಿನ ವರ್ಷ ತಂಡ ನಡೆಸುವವರು ಮಾತ್ರ ಸಾಮಾನ್ಯವಾಗಿ ಅವರೇ ಆಗಿರುತ್ತಾರೆ.

ಪ್ರತಿ ನಾಟಕದ ಪಾತ್ರವರ್ಗದಲ್ಲಿ ಮೂರರಲ್ಲೊಂದು ಪಾಲು ಮೊದಲ ವರ್ಷದವರಿಗೆ ಇಡದ ತಂಡಕ್ಕೆ ಮುಂದಿನ ಜುಲೈನಲ್ಲಿ ತಂಡವೇ ಇರುವುದಿಲ್ಲ. ಚೆನ್ನಾಗಿ ಮಾಡುವ ಸೀನಿಯರನ್ನು ಬಿಟ್ಟು ತೊದಲುವ ಜೂನಿಯರಿಗೆ ಪಾತ್ರ ಕೊಡುವುದಕ್ಕೆ ಎದೆಗಾರಿಕೆ ಬೇಕು. ಆ ಪ್ರದರ್ಶನ ಸ್ವಲ್ಪ ಸೊರಗುತ್ತದೆ, ಸೊರಗಲಿ. ಲೆಕ್ಕ, ಬೆಳಕು, ರಂಗವ್ಯವಸ್ಥೆ ಮೂರಕ್ಕೂ ಜೋಡಿ ಹೆಸರು ಇರಬೇಕು, ಒಬ್ಬರು ಹೋಗುವವರು, ಒಬ್ಬರು ಉಳಿಯುವವರು. ಹಸ್ತಾಂತರ ಕೊನೆಯ ಪರೀಕ್ಷೆಗೆ ಮೊದಲೇ ಆಗಬೇಕು. ಕೊನೆಯ ಪೇಪರು ಬರೆದ ಸಂಜೆ ಹಂಪಿ ಎಕ್ಸ್‌ಪ್ರೆಸ್ಸೋ ಊರಿನ ಬಸ್ಸೋ ಹತ್ತಿದವರು ಮತ್ತೆ ಕೈಗೆ ಸಿಗುವುದಿಲ್ಲ.

ಬೇಸಿಗೆಗೆ ಟ್ರಂಕು ಮುಚ್ಚುವ ಮುನ್ನ: ವೇಷಗಳನ್ನು ಒಗೆದು ಪೂರ್ತಿ ಒಣಗಿಸಿ, ನಡುವೆ ಒಣ ಬೇವಿನ ಸೊಪ್ಪು. ಗಮ್ಮು, ಬಣ್ಣದ ಸೀಸೆಗಳನ್ನು ಹೊರತೆಗೆಯಿರಿ, ಮೇ ತಿಂಗಳ ಕೋಣೆಯಲ್ಲಿ ಅವು ಒಡೆದರೆ ವೇಷವೆಲ್ಲ ಅಂಟು. ಹುಣಸೆ ಅಂಟಿನ ಮುಖವಾಡಗಳು ಟ್ರಂಕಿನಲ್ಲಿ ಬೇಡ, ಹುಳು ಬಿದ್ದರೆ ಪಕ್ಕದ್ದನ್ನೂ ತಿನ್ನುತ್ತದೆ. ದಾರಕ್ಕೆ ಕಟ್ಟಿ ಗೋಡೆಗೆ ತಾಗದಂತೆ ತೂಗುಹಾಕಿ. ಟ್ರಂಕಿನ ಕೆಳಗೆ ನಾಲ್ಕು ಇಟ್ಟಿಗೆ, ಗೆದ್ದಲಿಗೆ. ರಂಗಪ್ರತಿ, ಲೆಕ್ಕದ ಪುಸ್ತಕ, ಎಂಸಿಬಿ ಬರೆದ ಚೀಟಿ ಮೂರೂ ಎಲ್ಲಕ್ಕಿಂತ ಮೇಲೆ, ಮುಚ್ಚಳ ತೆಗೆದ ಕೂಡಲೇ ಕಾಣುವಂತೆ. ಕೀಲಿ ಎರಡು: ಒಂದು ಸಂಯೋಜಕರ ಮೇಜಿನ ಡ್ರಾದಲ್ಲಿ, ಇನ್ನೊಂದು ಎರಡನೇ ಸೆಮಿಸ್ಟರ್ ಮುಗಿಸಿದವರ ಕೈಯಲ್ಲಿ. ಕೀಲಿ ಯಾರ ಹತ್ತಿರ ಇದೆ ಎಂಬುದನ್ನು ಮುಚ್ಚಳದ ಹೊರಮೈ ಮೇಲೆ ಪೇಂಟಿನಲ್ಲಿ ಬರೆಯಬೇಡಿ, ವರ್ಷಕ್ಕೊಮ್ಮೆ ಬದಲಾಗುತ್ತದೆ. ಸೀಮೆಸುಣ್ಣದಲ್ಲಿ ಬರೆಯಿರಿ.